ಗಾಡಿ ಒದರುತ್ತದೆ ಎಂದರೆ

ಗೇರ್ ಬಾಕ್ಸಿನ ಕೆಲಸದಲ್ಲಿ ಸದ್ದುಗಳು ಮೂರು ಬಗೆ. ಗಾಡಿ ನಿಜವಾಗಿ ಮಾಡುವ ಸದ್ದು ಒಂದು. ಗಿರಾಕಿ ಬಂದು ಬಾಯಲ್ಲಿ ಮಾಡಿ ತೋರಿಸುವ ಸದ್ದು ಇನ್ನೊಂದು. ನಾವು ಕೇಳಿಸಿಕೊಂಡೆವು ಅಂದುಕೊಳ್ಳುವ ಸದ್ದು ಮತ್ತೊಂದು. ನನ್ನ ಅರ್ಧ ಆಯುಷ್ಯ ಈ ಮೂರನೆಯದನ್ನು ರಿಪೇರಿ ಮಾಡಿಸುವುದರಲ್ಲಿ ಹೋಯಿತು.

ಮಗಳ ಮಗಳು ಲಾವಣ್ಯಳಿಗೆ ವಿಶಾಖಪಟ್ಟಣದ ಮಧುರವಾಡದಲ್ಲಿ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಕ್ಕಿದೆ. ಗಿರಾಕಿಗಳ ದೂರು ಕೇಳಿ ಒಳಗಿನ ಮೆಕ್ಯಾನಿಕ್‌ಗಳಿಗೆ ದಾಟಿಸುವ ಕೆಲಸ. "ಅಮ್ಮಮ್ಮಾ, ನೀನೂ ಇದೇ ಮಾಡ್ತಿದ್ದೆ ಕದಾ, ಹೇಳು" ಎಂದು ಹಿಂದೆ ಬಿದ್ದಿದ್ದಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯಲು ಬರುವುದು ಕನ್ನಡ ಮಾತ್ರ. ಅವಳಿಗೆ ಓದಲು ಬರುವುದು ತೆಲುಗು. ಹಾಗಾಗಿ ಇದನ್ನು ಅವಳಮ್ಮ ಓದಿ ಹೇಳಬೇಕು. ಗಿರಾಕಿ ಒಂದು ಭಾಷೆ, ಮೆಕ್ಯಾನಿಕ್ ಇನ್ನೊಂದು ಭಾಷೆ, ನಡುವೆ ಒಬ್ಬರು. ಕೆಲಸವೆಂದರೆ ಇಷ್ಟೇ, ಅಭ್ಯಾಸವಾಗಲಿ.

ನಮ್ಮವರ ಹೆಸರು ಅಪ್ಪಾರಾವ್. ವಿಜಯವಾಡದವರು. ತುಮಕೂರಿನ ಲಾರಿ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಬಿಚ್ಚಲು ಬಂದಿದ್ದಾಗ ನನ್ನನ್ನು ಕಟ್ಟಿಕೊಂಡರು. ಮದುವೆಯಾದ ಮೇಲೆಯೇ ನನಗೆ ತಿಳಿದದ್ದು, ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಹಾಳಾಗಿತ್ತು. ನಾನು ಏನಂದರೂ ನಕ್ಕು "ಆಁ, ಆಁ" ಅನ್ನುತ್ತಿದ್ದರು. ಎಷ್ಟು ಒಳ್ಳೆಯ ಗಂಡ, ಹೆಂಡತಿಯ ಮಾತಿಗೆ ಎದುರಾಡುವುದಿಲ್ಲ ಎಂದು ನಾನು ನಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ತುಮಕೂರಿನ ಗ್ಯಾರೇಜಿನವರಿಗೂ ಅದು ಗೊತ್ತಾಯಿತು. ಗೊತ್ತಾದ ದಿನವೇ ಲೆಕ್ಕ ಚುಕ್ತ ಮಾಡಿ ಕಳಿಸಿದರು. ಗೇರ್ ಬಾಕ್ಸ್ ಮಿಸ್ತ್ರಿಗೆ ಕಿವಿಯೇ ಇಲ್ಲವೆಂದರೆ ಯಾರು ಇಟ್ಟುಕೊಳ್ಳುತ್ತಾರೆ? ಹೀಗೆ ವಿಜಯವಾಡಕ್ಕೆ ಬಂದೆವು. ಭವಾನಿಪುರಂನ ಪಕ್ಕದ ಒಂದು ಶೆಡ್ಡಿನಲ್ಲಿ ಕೆಲಸ ಹಿಡಿದರು. ಈ ಸಲ ಯಾರಿಗೂ ತಿಳಿಯಬಾರದು, ತಿಳಿದರೆ ಒಲೆ ಹೊತ್ತುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡೆವು. ಮಾತಾಡಿದ್ದು ನಾನು, ಅವರು ಆಁ ಆಁ ಅಂದರು.

ಶೆಡ್ಡಿನ ಯಜಮಾನರು ಸತ್ಯಂಗಾರು. ದೇವರು ಅವರ ರೂಪದಲ್ಲೇ ಬಂದ ಎನ್ನಬೇಕು. ಅವರು ಮಾತಾಡುವುದೇ ಕೂಗಾಟ. ಒಂದು ಲೋಟ ನೀರು ಕೇಳಿದರೆ ರಸ್ತೆಯ ಆಚೆ ಬದಿಯ ಅಂಗಡಿಯವನು ನೀರು ತರುತ್ತಿದ್ದ. ಹಾಗಾಗಿ ಅವರ ಮಾತು ನಮ್ಮವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಉಳಿದ ಕೆಲಸಗಾರರು ಯಜಮಾನರ ಬಾಯಿಗೆ ಹೆದರಿ ಶೆಡ್ಡು ಬಿಟ್ಟು ಹೋಗುತ್ತಿದ್ದರು. ನಮ್ಮವರೊಬ್ಬರೇ ನಗುನಗುತ್ತ ನಿಲ್ಲುತ್ತಿದ್ದರು. "ಈ ಅಪ್ಪಾರಾವ್‌ನ ತಾಳ್ಮೆ ನೋಡಿ ಕಲೀರ್ರೋ" ಎಂದು ಸತ್ಯಂಗಾರು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದರು, ಕೂಗಿ.

ನಿಂತ ಗಾಡಿಯ ಸದ್ದು ಹಿಡಿಯಲು ನಮ್ಮವರಿಗೆ ನನ್ನ ಅಗತ್ಯ ಇರಲಿಲ್ಲ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದರು. ಸದ್ದು ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತಿತ್ತು. ಉಳಿದ ಮಿಸ್ತ್ರಿಗಳು ಸ್ಕ್ರೂ ಡ್ರೈವರನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಇವರು ಕಚ್ಚುವುದನ್ನು ನೋಡಿ ಅದರಲ್ಲೇನೋ ದೊಡ್ಡ ವಿದ್ಯೆ ಇದೆ ಎಂದುಕೊಂಡು ಒಬ್ಬೊಬ್ಬರೂ ಕಚ್ಚಲು ಶುರುಮಾಡಿದರು. ಕೊನೆಗೆ ಸತ್ಯಂಗಾರು ಕೂಡ, ದೊಡ್ಡ ಗಿರಾಕಿ ಬಂದ ದಿನ, ಇಸ್ತ್ರಿ ಅಂಗಿ ಹಾಕಿಕೊಂಡೇ ಬಗ್ಗಿ ಕಚ್ಚುತ್ತಿದ್ದರು. ಅವರಿಗೆ ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು.

ಓಡುವ ಗಾಡಿಯದೇ ಕಷ್ಟ. ಬಗ್ಗಿ ಕಚ್ಚಲು ಆಗುವುದಿಲ್ಲ. ಅದಕ್ಕೆ ನಾನು. ಊಟದ ಕ್ಯಾರಿಯರ್ ತರುವ ನೆಪದಲ್ಲಿ ಶೆಡ್ಡಿಗೆ ಬರುವುದು, ಟ್ರಯಲ್‌ಗೆ ಹೊರಟ ಗಾಡಿಯ ಹಿಂದಿನ ಸೀಟಿನಲ್ಲಿ "ಮಾರ್ಕೆಟ್ಟಿನ ತನಕ ಬಿಡಿ" ಎಂದು ಹತ್ತಿಕೊಳ್ಳುವುದು. ನಾನು ಅಷ್ಟು ಸಲ ಮಾರ್ಕೆಟ್ಟಿಗೆ ಹೋಗುವುದನ್ನು ನೋಡಿ ನಮ್ಮ ಮನೆಯಲ್ಲಿ ದಿನಾ ಹಬ್ಬ ಅಂದುಕೊಂಡವರೂ ಇದ್ದರು.

ಮೊದಲ ದಿನ ಅವರು ಕೇಳಿದರು, "ಏಂ ಸೌಂಡ್ ಬರ್ತದೆ?"

"ಗಾಡಿ ಸೌಂಡು" ಎಂದೆ.

"ಗಾಡಿ ಸೌಂಡು ನಂಗೂ ಗೊತ್ತು. ಎಂಥಾದ್ದು?"

"ಜೋರಾದ್ದು."

ನನ್ನ ವೃತ್ತಿ ಶುರುವಾದದ್ದು ಹೀಗೆ.

ಆಮೇಲೆ ಒಂದು ದಾರಿ ಮಾಡಿಕೊಂಡೆವು. ಅವರು ಡ್ರೈವರ್ ಸೀಟಿನ ಮೇಲಿನ ಕನ್ನಡಿಯನ್ನು ನನ್ನ ಮುಖಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ನಾನು ಸದ್ದು ಮಾಡದೆ ತುಟಿ ಆಡಿಸುತ್ತಿದ್ದೆ. ಬೇರಿಂಗು, ಶಾಫ್ಟು, ಪಿನಿಯನ್ನು ಎಲ್ಲವೂ ತುಟಿಯ ಮೇಲೆ ಒಂದೇ ಥರ ಕಾಣುತ್ತಿದ್ದವು. ಅದೂ ಅಲ್ಲದೆ ನನಗೆ ಆ ಹೆಸರುಗಳು ಬರುತ್ತಲೂ ಇರಲಿಲ್ಲ. ಹಾಗಾಗಿ ಸದ್ದುಗಳಿಗೆ ಅವರ ಮನೆಯವರ ಹೆಸರಿಟ್ಟೆ.

ಲಾವಣ್ಯ, ಇದನ್ನು ಬಾಯಿಪಾಠ ಮಾಡು. ನಿಮ್ಮ ಸೆಂಟರಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಗಾಡಿ ಸುಮ್ಮನೆ ನಿಂತು ಇಂಜಿನ್ ಓಡುತ್ತಿರುವಾಗ ಗೊಣಗೊಣ ಎನ್ನುವುದು, ಕ್ಲಚ್ಚಿನ ಮೇಲೆ ಕಾಲು ಒತ್ತಿದೊಡನೆ ಸುಮ್ಮನಾಗುವುದು: ಅತ್ತೆ. ಅದು ಇಂಜಿನ್ನಿನಿಂದ ಗೇರ್ ಬಾಕ್ಸಿಗೆ ಬರುವ ಮೊದಲ ಬೇರಿಂಗು. ಕಾಲು ಒತ್ತಿದಾಗ ಮಾತ್ರ ಕಿರ್ರೆಂದು ಕಿರುಚುವುದು, ಬಿಟ್ಟರೆ ಸುಮ್ಮನಿರುವುದು: ಮಾವ. ಅದು ಕ್ಲಚ್ಚಿನ ಬೇರಿಂಗು, ಗೇರ್ ಬಾಕ್ಸ್ ಬಿಚ್ಚುವ ಮೊದಲೇ ಅದನ್ನು ನೋಡಬೇಕು. ಯಾವುದೋ ಒಂದೇ ಗೇರಿನಲ್ಲಿ ಮಾತ್ರ ಜಗಳ: ನಾದಿನಿ. ಆ ಗೇರಿನ ಹಲ್ಲು ಹೋಗಿರುತ್ತದೆ. ಫಸ್ಟ್, ಸೆಕೆಂಡ್, ಥರ್ಡ್ ಮೂರರಲ್ಲೂ ಊಳಿಟ್ಟು, ಟಾಪ್ ಗೇರಿಗೆ ಬಂದೊಡನೆ ಬಾಯಿ ಮುಚ್ಚುವುದು: ಓರಗಿತ್ತಿ. ಅದು ಕೆಳಗಿನ ಶಾಫ್ಟು. ಆ ಕಾಲದ ಗಾಡಿಗಳಲ್ಲಿ ಟಾಪಿನಲ್ಲಿ ಓಡುವಾಗ ಕೆಳಗಿನ ಶಾಫ್ಟಿನ ಮೇಲೆ ಭಾರವಿರುವುದಿಲ್ಲ, ಸುಮ್ಮನೆ ತಿರುಗುತ್ತಿರುತ್ತದೆ. ಕೆಲಸ ಬಿದ್ದಾಗ ಮಾತ್ರ ಗೋಳು. ನನ್ನ ಓರಗಿತ್ತಿಯನ್ನು ನೀನು ನೋಡಿಲ್ಲ, ನೋಡಿದ್ದರೆ ಇನ್ನೂ ಬೇಗ ಅರ್ಥವಾಗುತ್ತಿತ್ತು.

ಎಲ್ಲ ಗೇರಿನಲ್ಲೂ, ಯಾವಾಗಲೂ, ಏನು ಮಾಡಿದರೂ ನಿಲ್ಲದ ಸದ್ದಿಗೆ ನಮ್ಮವರು ಏನೋ ಹೆಸರಿಟ್ಟಿದ್ದರು. ನನಗೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಹೆಸರುಗಳಿಂದ ಒಮ್ಮೆ ಮಾನ ಹೋಯಿತು. ಒಂದು ಟ್ಯಾಕ್ಸಿಯ ಸದ್ದಿನ ವಿಷಯ ಮನೆಗೆ ಬಂದ ಮೇಲೂ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಮನೆಯಲ್ಲಿ ತುಟಿ ಆಡಿಸುವ ಕಷ್ಟ ಯಾಕೆ ಎಂದು ಜೋರಾಗಿ ಕಿವಿಯ ಬಳಿ ಕೂಗಿದೆ: "ಅತ್ತ ಪೋಯಿಂದಿ! ಅತ್ತ!" ಅತ್ತೆ ಹೋಯಿತು ಎಂದು. ತೆಲುಗಿನಲ್ಲೂ ಕನ್ನಡದ ಹಾಗೆಯೇ ಕೆಟ್ಟರೂ ಹೋಯಿತು, ಸತ್ತರೂ ಹೋಯಿತು. ಗೋಡೆಯಾಚೆ ಇದ್ದ ಸುಬ್ಬಲಕ್ಷ್ಮಿಗೆ ಕೇಳಿಸಿತು. ಅರ್ಧ ಓಣಿ ಸೆರಗು ಬಾಯಿಗೆ ಒತ್ತಿಕೊಂಡು ಬಂತು. ನಮ್ಮತ್ತೆ ಜಗಲಿಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಬಂದವರು ಅವರನ್ನು ನೋಡಿ ದಂಗಾಗಿ ನಿಂತರು. ಅಳುಮುಖದ ಹೆಂಗಸರನ್ನು ನೋಡಿದ ಅತ್ತೆ, ಯಾರು ಏನು ಎಂದು ಕೇಳುವ ಗೋಜಿಗೆ ಹೋಗದೆ, ಮೊರ ಪಕ್ಕಕ್ಕಿಟ್ಟು ತಾವೂ ಅಳತೊಡಗಿದರು. ಮೆಣಸಿನಕಾಯಿ ಕೈಯಲ್ಲೇ ಕಣ್ಣೊರೆಸಿಕೊಂಡು ಆಮೇಲೆ ನಿಜವಾಗಿಯೂ ಅತ್ತರು.

ವಿಷಯ ಗೊತ್ತಾದ ಮೇಲೆ ನನ್ನನ್ನು ಕರೆದರು. "ಗಾಡೀಲಿ ನನ್ನ ಹೆಸರಿನ ಸದ್ದು ಯಾವುದು?"

ನಾನು ಸುಳ್ಳು ಹೇಳಲಿಲ್ಲ. "ಸುಮ್ನೆ ಕೂತಾಗ ಗೊಣಗೋದು. ಕಾಲು ಒತ್ತಿದ್ರೆ ನಿಂತುಹೋಗೋದು."

ಅತ್ತೆ ಸ್ವಲ್ಪ ಯೋಚಿಸಿ ಕಾಲು ಚಾಚಿದರು. "ಮತ್ತೆ ನೋಡ್ತಾ ಯಾಕೆ ನಿಂತಿದೀಯಾ? ಒತ್ತು."

ಇನ್ನೊಂದು ಪೆಟ್ಟು ತಿಂದದ್ದು ಮರದ ಹೊಟ್ಟಿನಿಂದ. ಒಬ್ಬ ಡ್ರೈವರ್ ಹಳೇ ಟ್ಯಾಕ್ಸಿ ಕೊಳ್ಳುವ ಮೊದಲು ತೋರಿಸಲು ತಂದಿದ್ದ. ನಾನು ಹಿಂದೆ ಕೂತು ಹೋಗಿ ಬಂದೆ. ಗಾಡಿ ದೇವಸ್ಥಾನದ ಹಾಗೆ ಪ್ರಶಾಂತ. ಅತ್ತೆ ಇಲ್ಲ, ಮಾವ ಇಲ್ಲ, ಇಂಥ ಸಂಸಾರ ಎಲ್ಲಿ ಸಿಗುತ್ತದೆ ಎಂದು ನಾನು ತಲೆಯಾಡಿಸಿದೆ. ಅವನು ಕೊಂಡ. ಕೆಲವೇ ವಾರಗಳಲ್ಲಿ ಗೇರ್ ಬಾಕ್ಸ್ ಹಿಡಿದು ನಿಂತಿತು. ಬಿಚ್ಚಿದರೆ ಒಳಗೆ ಎಣ್ಣೆಯಲ್ಲಿ ನೆನೆದ ಮರದ ಹೊಟ್ಟು, ಬಾಣಲೆಗೆ ಹಾಕಿದ ಉಪ್ಪಿಟ್ಟಿನ ಹಾಗೆ. ಮಾರಿದವನು ಸದ್ದು ಅಡಗಲಿ ಎಂದು ತುಂಬಿದ್ದ. ಹಲ್ಲು ಸವೆದಲ್ಲೆಲ್ಲ ಹೊಟ್ಟು ಮೆತ್ತಿಕೊಂಡು ಸ್ವಲ್ಪ ದಿನ ಬಾಯಿ ಮುಚ್ಚಿಸಿತ್ತು. ಡ್ರೈವರ್ ಶೆಡ್ಡಿನ ಮುಂದೆ ನಿಂತು ಬೈದದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ನಮ್ಮವರು ನಕ್ಕು "ಆಁ, ಆಁ" ಅಂದರು.

ತುಂಬಾ ಓಡಿದ ಗಾಡಿ ಸದ್ದೇ ಮಾಡದಿದ್ದರೆ ನಂಬಬೇಡ. ಮೊದಲು ಎಣ್ಣೆಯ ಬಿರಡೆ ಬಿಚ್ಚಿ ಬೆರಳು ಹಾಕಿ ನೋಡು. ಬೂದಿಯ ಹಾಗೆ ನುಣ್ಣಗಿದ್ದರೆ ವಯಸ್ಸಿನ ಸವೆತ, ಹೋಗಲಿ. ಮಿಂಚುವ ಚೂರು ಬೆರಳಿಗೆ ಚುಚ್ಚಿದರೆ ಒಳಗೆ ಏನೋ ಮುರಿದಿದೆ. ಹೊಟ್ಟು ಬಂದರೆ ಮಾರಿದವನ ಮನೆ ಹುಡುಕು.

ಆಮೇಲೆ ಸತ್ಯಂಗಾರು ವಿಶಾಖಪಟ್ಟಣದಲ್ಲಿ ಇನ್ನೊಂದು ಶೆಡ್ಡು ತೆರೆದು ನಮ್ಮವರನ್ನು ಅಲ್ಲಿಗೆ ದೊಡ್ಡ ಮಿಸ್ತ್ರಿ ಮಾಡಿ ಕಳಿಸಿದರು. ಬಡ್ತಿಯಂತೆ. ಪಾತ್ರೆ ಕಟ್ಟಿದವಳು ನಾನು. ಕಳಿಸುವಾಗ ಒಂದು ಮಾತು ಹೇಳಿದರು, ಕೃಷ್ಣಾ ನದಿಯ ಆಚೆ ದಡಕ್ಕೆ ಕೇಳುವ ಹಾಗೆ: "ಹೊಟ್ಟಿನ ಗಾಡಿಯಂಥದ್ದು ಇನ್ನೊಂದು ವಾಪಸ್ ಬರಬಾರದು. ಬಂತೋ, ನಾನೇ ಬಂದು ನಿನ್ನ ಪಕ್ಕ ಕೂತು ಟ್ರಯಲ್ ನೋಡ್ತೀನಿ."

ಬೈದಿದ್ದರೆ ಹೆದರುತ್ತಿರಲಿಲ್ಲ. ಪಕ್ಕ ಕೂರುತ್ತೇನೆ ಅಂದದ್ದಕ್ಕೆ ಹೆದರಿದೆ. ಪಕ್ಕ ಕೂತರೆ ಗುಟ್ಟು ಎಷ್ಟು ಹೊತ್ತು ನಿಂತೀತು? ತುಮಕೂರಿನದೇ ಕಥೆ ಮತ್ತೆ. ಆಗ ಇಬ್ಬರೇ ಇದ್ದೆವು. ಈಗ ಶಾಲೆಗೆ ಹೋಗುವ ಮಗಳು, ಕಾಲು ಒತ್ತಿಸಿಕೊಳ್ಳುವ ಅತ್ತೆ.

ವಿಶಾಖಪಟ್ಟಣದ ಶೆಡ್ಡಿಗೆ ಒಂದು ದಿನ ಕುಲಕರ್ಣಿ ಎಂಬುವರು ಬಂದರು. ಧಾರವಾಡದವರು, ಬ್ಯಾಂಕಿನಲ್ಲಿ ಅಧಿಕಾರಿ, ಎಂವಿಪಿ ಕಾಲೋನಿಯಲ್ಲಿ ಮನೆ. ಹಳೇ ಅಂಬಾಸಿಡರ್ ಗಾಡಿ. ಎಷ್ಟು ಓಡಿತ್ತೆಂದರೆ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಎಣಿಸುತ್ತಿತ್ತು. ಅವರಿಗೆ ಊರ ಕಡೆ ವರ್ಗವಾಗಿತ್ತು. ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧಾರವಾಡಕ್ಕೆ ಹೋಗುವ ಯೋಚನೆ. ಅವರು ಬಂದಾಗ ನಾನು ಕನ್ನಡದಲ್ಲಿ ಒಂದು ಹಸುವನ್ನು ಬೈದು ಓಡಿಸುತ್ತಿದ್ದೆ.

"ಅಯ್ಯ! ನೀವು ನಮ್ಮೋರೇನ್ರೀ ಅಕ್ಕಾರ?" ಎಂದು ಕುಲಕರ್ಣಿಯವರು ಅಲ್ಲೇ ನಿಂತುಬಿಟ್ಟರು.

"ತುಮಕೂರು ಕಡೆಯೋಳು ಸ್ವಾಮಿ. ಏನಾಗಿದೆ ಗಾಡಿಗೆ?"

"ಭಾಳ ಒದರ್ಲಿಕ್ಕ ಹತ್ತೇದ್ರಿ. ಏರಿನ್ಯಾಗ ಹೋಗೂಮುಂದ ಒದರೂದು ನೋಡ್ಬೇಕ್ರಿ ನೀವು. ಟಾಪ್ ಗೇರ್ ಬಿತ್ತಂದ್ರ ಗಪ್ ಆಗ್ತದ."

ನೋಡು ಲಾವಣ್ಯ, ಆ ಮನುಷ್ಯ ಮೊದಲ ಮಾತಿನಲ್ಲೇ ರೋಗ, ಅದರ ಜಾಗ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಆದರೆ ನಮ್ಮ ಕಡೆ ಒದರುವುದು ಎಂದರೆ ಕೊಡವುವುದು, ಚಾಪೆ ಒದರಿದ ಹಾಗೆ, ಬಟ್ಟೆ ಒದರಿದ ಹಾಗೆ. ಅದರ ಮೇಲೆ ವರ್ಷಗಟ್ಟಲೆ ತೆಲುಗು ಕೇಳಿದ ಕಿವಿ. ತೆಲುಗಿನಲ್ಲಿ ಅದುರುವುದಕ್ಕೆ ಅದುರುತುಂದಿ ಎನ್ನುತ್ತಾರೆ. ಎರಡೂ ಸೇರಿ ನನ್ನ ತಲೆಯಲ್ಲಿ, ಗಾಡಿ ಗಡಗಡ ನಡುಗುತ್ತದೆ ಎಂದು ಕೂತಿತು.

ಟ್ರಯಲ್‌ಗೆ ಹೊರಟೆವು. ನಮ್ಮವರು ಓಡಿಸಿದರು, ನಾನೂ ಕುಲಕರ್ಣಿಯವರೂ ಹಿಂದೆ. ಕನ್ನಡಿ ನನ್ನ ಮುಖಕ್ಕೆ. ಕಿವಿ ಕೊಟ್ಟಿದ್ದರೆ ಅಂದೇ ತಿಳಿಯುತ್ತಿತ್ತು. ಆದರೆ ನಾನು ಅಂಗೈಯನ್ನು ಸೀಟಿಗೆ ಒತ್ತಿ, ಕಾಲನ್ನು ತಳಕ್ಕೆ ಒತ್ತಿ, ನಡುಕ ಹುಡುಕುತ್ತ ಕೂತೆ. ಹಳೇ ಗಾಡಿಯಲ್ಲಿ ನಡುಕ ಹುಡುಕಿದರೆ ಸಿಗದೆ ಇರುತ್ತದೆಯೇ? ಬಾಗಿಲು, ಗಾಜು, ಸೀಟು, ನನ್ನ ಗಲ್ಲ, ಎಲ್ಲವೂ ಅದುರುತ್ತಿದ್ದವು. ಕಿವಿಯ ಕಡೆಗಂತೂ ಪುರುಸೊತ್ತೇ ಇರಲಿಲ್ಲ. ಕುಲಕರ್ಣಿಯವರು ಅವರಮ್ಮ ಮಾಡುವ ಶೇಂಗಾ ಚಟ್ನಿಯಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನ ತನಕ ಮಾತಾಡಿದರು. ನಾನು ಮುದ್ದೆಯಿಂದ ಹಿಡಿದು ಓರಗಿತ್ತಿಯ ತನಕ ಮಾತಾಡಿದೆ. ಆ ಊರಿನಲ್ಲಿ ಹೊಟ್ಟೆತುಂಬ ಕನ್ನಡ ಮಾತಾಡಿ ಎಷ್ಟೋ ಕಾಲವಾಗಿತ್ತು. ನಮ್ಮಿಬ್ಬರ ಸದ್ದಿನಲ್ಲಿ ಗೇರ್ ಬಾಕ್ಸ್ ಬಡ್ಕೊಂಡಿದ್ದು ಯಾರಿಗೆ ಕೇಳಬೇಕು?

ಅದುರುತ್ತದೆ ಎಂದು ಕನ್ನಡಿಯಲ್ಲಿ ತುಟಿ ಆಡಿಸಿದೆ. ನಮ್ಮವರು ಇಂಜಿನ್ನಿನ ಕೆಳಗಿನ ರಬ್ಬರ್ ಬದಲಾಯಿಸಿದರು, ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟಿನ ಕೀಲಿನ ಕ್ರಾಸ್ ಬದಲಾಯಿಸಿದರು. ಗಾಡಿ ಮಲ್ಲಿಗೆಯ ಹಾಗಾಯಿತು. ಎರಡು ದಿನಕ್ಕೆ ಕುಲಕರ್ಣಿ ಮತ್ತೆ ಬಂದರು.

"ಅಕ್ಕಾರ, ಇನ್ನೂ ಒದರ್ತದ್ರಿ."

"ಇಲ್ವಲ್ಲ ಸ್ವಾಮಿ. ಇಲ್ಲಿ ಕೈ ಇಟ್ಟು ನೋಡಿ."

ಅವರು ಬಾನೆಟ್ ಮೇಲೆ ಕೈ ಇಟ್ಟರು, ನನ್ನ ಮುಖ ನೋಡಿದರು. "ಕೈ ಇಟ್ರ ಏನ್ ಗೊತ್ತಾಗ್ತದ್ರಿ? ಕೇಳ್ರಿ ನೀವು, ಕೇಳ್ರಿ!"

"ಏನು ಕೇಳೋದು? ನಿಮ್ಮನ್ನೇ ಕೇಳ್ತಾ ಇದೀನಲ್ಲ. ಎಲ್ಲಿ ಒದರ್ತದೆ ತೋರ್ಸಿ."

"ಒದರೂದನ್ನ ತೋರ್ಸೂದು ಹೆಂಗ್ರಿ?"

"ಒದರೋದನ್ನ ತೋರ್ಸಕ್ಕಾಗದೆ ಇನ್ನೇನು? ಒಂದು ಲೋಟ ನೀರು ಬಾನೆಟ್ ಮೇಲಿಡ್ತೀನಿ, ಚೆಲ್ಲಿದ್ರೆ ಹೇಳಿ!"

ನಿಜವಾಗಿ ಇಟ್ಟೆ. ನೀರು ಅಲುಗಲಿಲ್ಲ. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ. ಕುಲಕರ್ಣಿಯವರು ನೀರಿನ ಲೋಟವನ್ನೂ ನನ್ನನ್ನೂ ನೋಡಿ, "ನನ್ನನ್ನ ಚ್ಯಾಷ್ಟಿ ಮಾಡ್ಲಿಕ್ಕ ಹತ್ತೀರೇನು?" ಎಂದು ಸಿಟ್ಟಾಗಿ ಹೊರಟರು. ಬೋರ್ಡಿನ ಮೇಲೆ ಸತ್ಯಂಗಾರ ನಂಬರು ಇತ್ತು. ಎದುರಿನ ಎಸ್‌ಟಿಡಿ ಬೂತಿನಿಂದಲೇ ಫೋನ್ ಮಾಡಿದರು.

ಸತ್ಯಂಗಾರು ವಿಜಯವಾಡದಿಂದ ರೈಲು ಹತ್ತಿ ಬಂದರು. ಅವರು ಬರುವುದು ನಮಗೆ ಯಾವಾಗಲೂ ದೂರದಿಂದಲೇ ತಿಳಿಯುತ್ತಿತ್ತು. ಅಂದು ತಿಳಿಯಲಿಲ್ಲ. ತಿರುಗಿ ನೋಡುತ್ತೇನೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹಿಂದೆ ನಿಂತಿದ್ದಾರೆ. ಮಗಳ ಮದುವೆಯಲ್ಲಿ ಬಡಿಸುವವರ ಮೇಲೆ ಕೂಗಿ ಕೂಗಿ ಗಂಟಲು ಪೂರ್ತಿ ಹೋಗಿತ್ತಂತೆ. ಡಾಕ್ಟರು ಮಾತಾಡಲೇಬಾರದು ಎಂದಿದ್ದರಂತೆ. ಬಾಯಿಯಿಂದ ಬರುತ್ತಿದ್ದದ್ದು ಬರೀ ಗಾಳಿ, ಪಿಸಪಿಸ.

ಗಾಡಿಯ ಕೆಳಗೆ ಮಲಗಿದ್ದ ನಮ್ಮವರನ್ನು "ಅಪ್ಪಾರಾವ್" ಎಂದು ಪಿಸುಗುಟ್ಟಿ ಕರೆದರು. ಮತ್ತೆ ಪಿಸುಗುಟ್ಟಿದರು. ನಮ್ಮವರು ಸ್ಪ್ಯಾನರ್ ತಿರುಗಿಸುತ್ತಲೇ ಇದ್ದರು.

"ಕೆಲಸಕ್ಕೆ ಕೂತರೆ ಪ್ರಪಂಚ ಮರೀತಾರಂಡಿ" ಎಂದೆ. ನಮ್ಮವರ ಕಾಲನ್ನು ನನ್ನ ಕಾಲಿನಿಂದ ಒದ್ದೆ.

ಕುಲಕರ್ಣಿಯವರನ್ನೂ ಕರೆಸಿದರು. ನಮ್ಮವರು ಸ್ಟೇರಿಂಗ್ ಹಿಡಿದರು. ಪಕ್ಕ ಸತ್ಯಂಗಾರು. ಹಿಂದೆ ನಾನು, ಕುಲಕರ್ಣಿ. "ಇವಳ್ಯಾಕೆ?" ಎಂದು ಸತ್ಯಂಗಾರು ಪಿಸುಗುಟ್ಟಿದರು. "ಮಾರ್ಕೆಟ್ಟಿಗೆ" ಎಂದೆ. ಹೊರಟದ್ದು ಮಧುರವಾಡದ ಕಡೆಗೆ. ಆಗ ಅಲ್ಲಿ ಮಾರ್ಕೆಟ್ಟಿರಲಿ, ಒಂದು ಚಹಾದ ಅಂಗಡಿಯೂ ಇರಲಿಲ್ಲ. ಗೇರುಮರ, ಗುಡ್ಡ, ಏರು.

ಸ್ವಲ್ಪ ದೂರ ಕನ್ನಡಿಯ ಕೃಪೆಯಿಂದ ನಡೆಯಿತು. ಸತ್ಯಂಗಾರು ಸೆಕೆಂಡ್ ಹಾಕು ಎಂದು ಪಿಸುಗುಟ್ಟಿದರೆ ನಾನು ಎರಡು ಬೆರಳು ಎತ್ತುತ್ತಿದ್ದೆ. ಆಮೇಲೆ ಅವರ ಕಣ್ಣು ಕನ್ನಡಿಯ ಮೇಲೆ ಬಿತ್ತು. ಕನ್ನಡಿಯಲ್ಲಿ ರಸ್ತೆ ಇಲ್ಲ, ನಾನು ಇದ್ದೇನೆ. "ಹೆಂಡತೀನ ಮನೇಲಿ ನೋಡಿದ್ದು ಸಾಲ್ದಾ?" ಎಂಬ ಮುಖ ಮಾಡಿ, ಕೈ ಚಾಚಿ ಕನ್ನಡಿಯನ್ನು ಸರಿಯಾಗಿ ತಿರುಗಿಸಿದರು. ನಮ್ಮವರ ಪಾಲಿಗೆ ಅಲ್ಲಿಗೆ ಲೋಕವೇ ಮುಚ್ಚಿತು.

ಏರು ಬಂತು. "ಆಪು" ಎಂದು ಸತ್ಯಂಗಾರು ಪಿಸುಗುಟ್ಟಿದರು, ನಿಲ್ಲಿಸು ಎಂದು. ನಮ್ಮವರು ರಸ್ತೆ ನೋಡುತ್ತ ಹೋದರು. "ಆಪು, ಆಪು!" ಯಜಮಾನರ ತುಟಿ ಅಲುಗಾಡಿದ್ದು ಓರೆಗಣ್ಣಿಗೆ ಕಂಡಿರಬೇಕು. ನಮ್ಮವರು ನಕ್ಕು, "ಆಁ, ಆಁ" ಎಂದು ಇನ್ನೂ ಜೋರಾಗಿ ಒತ್ತಿದರು.

ನಾನು ಬೆನ್ನಿಗೆ ಗುದ್ದಿದೆ. ಗಾಡಿ ನಿಂತಿತು.

ಸತ್ಯಂಗಾರು ನಿಧಾನವಾ‌ಗಿ ಅವರ ಕಡೆ ತಿರುಗಿದರು. ಮುಖದ ಪಕ್ಕ ಚಿಟಿಕೆ ಹೊಡೆದರು. ನಮ್ಮವರು ಗಾಜಿನಾಚೆ ನೋಡುತ್ತಿದ್ದರು. ಸತ್ಯಂಗಾರು ನನ್ನ ಕಡೆ ತಿರುಗಿದರು. ನಾನು ಗೇರುಮರ ನೋಡಿದೆ. ಏನೂ ತಿಳಿಯದ ಕುಲಕರ್ಣಿ, ಯಜಮಾನರು ತಮ್ಮ ದೂರಿಗಾಗಿ ಕಾಯುತ್ತಿದ್ದಾರೆ ಎಂದುಕೊಂಡು, ತಮಗೆ ಬರುವ ತೆಲುಗಿನಲ್ಲಿ ಹೇಳಿದರು: "ಗಾಡಿ ಅರುಸ್ತುಂದಂಡಿ. ಚಾಲಾ ಅರುಸ್ತುಂದಿ."

ಅರುಸ್ತುಂದಿ. ಅರಚುತ್ತದೆ.

"ಅಯ್ಯೋ, ಅರಚ್ತದಾ?" ಎಂದೆ ನಾನು.

"ಮತ್ತ ನಾ ಏನ್ ಹೇಳಿದ್ನಿ ಅಕ್ಕಾರ ಇಷ್ಟ್ ದಿನ? ಒದರ್ತದ, ಒದರ್ತದ ಅಂತ!"

"ನಮ್ಮ ಕಡೆ ಒದರೋದು ಅಂದ್ರೆ ಬಟ್ಟೆ ಕೊಡವೋದು ಸ್ವಾಮಿ!"

"ಬಟ್ಟೀನ? ನಾ ಕಾರಿಂದು ಹೇಳಿದ್ರ ನೀವು ಬಟ್ಟೀಗೆ ಹೋದ್ರೇನ್ರಿ?"

ಇಬ್ಬರು ಕನ್ನಡದವರಿಗೆ ಕನ್ನಡ ಅರ್ಥವಾಗಲು ನಡುವೆ ತೆಲುಗು ಬರಬೇಕಾಯಿತು. ಆಗ ನನಗೆ ನಾಚಿಕೆಯಾಯಿತೆಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ, ಪುರುಸೊತ್ತಿರಲಿಲ್ಲ. ಹೇಗೂ ಗುಟ್ಟು ಹೋಗಿದೆ, ಗಾಡಿಯಾದರೂ ಸರಿಹೋಗಲಿ ಎಂದು ಮುಂದೆ ಬಾಗಿ ಕನ್ನಡಿಯನ್ನು ನನ್ನ ಮುಖಕ್ಕೆ ತಿರುಗಿಸಿಕೊಂಡೆ.

"ಯಾರೂ ಉಸಿರೆತ್ತಬೇಡಿ" ಎಂದೆ. ಸತ್ಯಂಗಾರಿಗೆ ಅದನ್ನು ಹೇಳುವ ಅಗತ್ಯ ಇರಲಿಲ್ಲ. ಒಂದು ಬೆರಳು ಎತ್ತಿದೆ. ಫಸ್ಟ್ ಗೇರಿನಲ್ಲಿ ಗಾಡಿ ಏರು ಹತ್ತಿತು. ಊಂ ಎಂದು ಊಳು, ಕಾಲಡಿಯಿಂದಲೇ. ಇಷ್ಟು ದೊಡ್ಡ ಸದ್ದನ್ನು ನಾನು ಚಟ್ನಿಯ ಮಾತಿನಲ್ಲಿ ಹೇಗೆ ಮುಳುಗಿಸಿದೆನೋ. ಎರಡು ಬೆರಳು. ಊಳು. ಮೂರು. ಊಳು. ಏರು ಮುಗಿದು ಸಮತಟ್ಟು ಬಂತು. ನಾಲ್ಕು ಬೆರಳು ಎತ್ತಿದೆ. ಟಾಪ್ ಬಿದ್ದೊಡನೆ, ಕುಲಕರ್ಣಿಯವರು ಮೊದಲ ದಿನವೇ ಹೇಳಿದ್ದ ಹಾಗೆ, ಗಪ್.

"ಓರಗಿತ್ತಿ ಪೋಯಿಂದಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇನ್ನು ತುಟಿ ಆಡಿಸುವ ಕಷ್ಟ ಯಾಕೆ?

"ಅಯ್ಯ ಪಾಪ, ಯಾವಾಗ್ರಿ?" ಎಂದರು ಕುಲಕರ್ಣಿ.

ನಮ್ಮವರು ಮಾತ್ರ ನಕ್ಕರು. ಆಁ ಆಁ ಅನ್ನುವ ನಗು ಅಲ್ಲ, ಕೇಳಿಸಿಕೊಂಡ ನಗು.

ಶೆಡ್ಡಿಗೆ ಬಂದು ಎಣ್ಣೆ ಇಳಿಸಿದರೆ ತಟ್ಟೆಯಲ್ಲಿ ಮಿಂಚುವ ಚೂರು. ಕೆಳಗಿನ ಶಾಫ್ಟು ಹೊರಬಂತು. ಸೂಜಿಯಂಥ ಸಣ್ಣ ಬೇರಿಂಗುಗಳು ಕೂರುವ ಜಾಗದಲ್ಲಿ ಇಲಿ ಕಡಿದ ಹಾಗೆ ಗುಳಿ ಬಿದ್ದಿತ್ತು. ಅದೇ ಗಾಡಿಯಲ್ಲಿ ಧಾರವಾಡಕ್ಕೆ ಹೊರಟಿದ್ದರೆ ಹೆಂಡತಿ ಮಕ್ಕಳ ಸಮೇತ ಯಾವ ಬಯಲಿನಲ್ಲಿ ಕೂರುತ್ತಿದ್ದರೋ. ಕುಲಕರ್ಣಿ ಸಿಟ್ಟು ಮರೆತು, ಹೊಸ ಶಾಫ್ಟು ಬರುವ ತನಕ ಕಾಯುತ್ತೇನೆ ಎಂದು ಒಪ್ಪಿ ಹೋದರು.

ಅವರು ಹೋದ ಮೇಲೆ ಸತ್ಯಂಗಾರು ಸ್ಟೂಲಿನ ಮೇಲೆ ಕೂತು ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಎನ್ನಾಳ್ಳ ನುಂಚಿ?" ಎಂದು ಪಿಸುಗುಟ್ಟಿದರು. ಎಷ್ಟು ದಿನದಿಂದ ಎಂದು.

"ಮೊದಲಿಂದಾನೂ ಅಂಡಿ. ಕಿವಿ ಇಲ್ಲ."

"ಮತ್ತೆ ಆ ಸ್ಕ್ರೂ ಡ್ರೈವರ್ ಕಚ್ಚೋದು?"

"ಕಿವಿ ಇಲ್ದೇ ಇರೋದಕ್ಕೇ ಅಂಡಿ ಕಚ್ಚೋದು. ಹಲ್ಲಿಂದ ಕೇಳಿಸ್ಕೋತಾರೆ."

ಸತ್ಯಂಗಾರು ತಮ್ಮ ಹಲ್ಲಿನ ಮೇಲೆ ನಾಲಿಗೆ ಆಡಿಸಿಕೊಂಡರು. ಎಷ್ಟು ಗಿರಾಕಿಗಳ ಮುಂದೆ ಬಗ್ಗಿ ಕಚ್ಚಿದ್ದೆ ಎಂದು ಲೆಕ್ಕ ಹಾಕುತ್ತಿದ್ದರೇನೋ. ಆಮೇಲೆ ಒಳಗೆ ಶಾಫ್ಟು ಒರೆಸುತ್ತಿದ್ದ ನಮ್ಮವರ ಕಡೆ ಬಹಳ ಹೊತ್ತು ನೋಡಿದರು. ನನಗೆ ತುಮಕೂರು ಕಣ್ಣ ಮುಂದೆ ಬಂತು. ಅವತ್ತೂ ಆ ಯಜಮಾನ ಹೀಗೆಯೇ ನೋಡಿ, ಆಮೇಲೆ ಬಾಯಿ ತೆರೆದಿದ್ದ.

"ರೇಪಟಿ ನುಂಚಿ..." ಎಂದರು ಸತ್ಯಂಗಾರು. ನಾಳೆಯಿಂದ ಎಂದು.

ಪೂರ್ತಿ ಹೇಳಲು ಬಿಡಲಿಲ್ಲ. "ನಾಳೆಯಿಂದ ನನಗೂ ಸಂಬಳ ಹಾಕಿ" ಎಂದೆ. "ಅವರ ಕೈಗೆ ಬೇರೆ, ನನ್ನ ಕಿವಿಗೆ ಬೇರೆ. ಇಷ್ಟು ವರ್ಷ ಇಬ್ಬರನ್ನ ದುಡಿಸ್ಕೊಂಡು ಒಬ್ಬರಿಗೆ ಕೊಟ್ಟಿದೀರಿ. ಒಬ್ಬರನ್ನ ತೆಗೆದರೆ ಇಬ್ಬರೂ ಹೋಗ್ತೀವಿ. ಆಮೇಲೆ ಓರಗಿತ್ತಿ ಯಾರು ಹಿಡೀತಾರೆ ನೋಡ್ತೀನಿ."

ಸತ್ಯಂಗಾರು ಎದ್ದು ನಿಂತರು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಕೆಲಸಗಾರರೆಲ್ಲ ಅಭ್ಯಾಸಬಲದಿಂದ ಭುಜ ಕುಗ್ಗಿಸಿದರು. ಬಾಯಿ ಪೂರ್ತಿ ತೆರೆದರು. ಬಂದದ್ದು ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದರು. ಗಾಳಿ. ಮಫ್ಲರ್ ಸರಿಮಾಡಿಕೊಂಡು ಸ್ಟೇಷನ್ನಿಗೆ ಹೊರಟುಹೋದರು.

ನಾನು ಮರುದಿನದಿಂದ ಕ್ಯಾರಿಯರ್ ಇಲ್ಲದೆ ಶೆಡ್ಡಿಗೆ ಹೋದೆ. ತಿಂಗಳು ಮುಗಿದಾಗ ಸಂಬಳ ಹಂಚಲು ಸತ್ಯಂಗಾರು ಬಂದರು. ನಮ್ಮವರದು ಆದ ಮೇಲೆ ನಾನೂ ಸಾಲಿನಲ್ಲಿ ನಿಂತು ಕೈ ಚಾಚಿದೆ. ಅಷ್ಟರಲ್ಲಿ ಅವರ ಗಂಟಲು ಬಂದಿತ್ತು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು, "ಆವತ್ತೇ ವದ್ದನ್ನಾನು ಕದಾ!" ಆವತ್ತೇ ಬೇಡ ಎಂದೆನಲ್ಲ ಎಂದು.

"ಕೇಳಿಸಲಿಲ್ಲ ಅಂಡಿ" ಎಂದೆ.

ಕೊಟ್ಟರು.